ಪವರ್ ವಿಂಡೋಗೆ ಹೊರಗಿನ ರೆಗ್ಯುಲೇಟರ್: ಮಂಗಳೂರಿನ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪಾರ್ಟ್ ಚೆನ್ನಾಗಿದೆ. ನನ್ನ ಹಳೆ ಹ್ಯಾಚ್‌ಬ್ಯಾಕಿನ ಮುಂದಿನ ಎಡ ಬಾಗಿಲಿಗೆ ಹಾಕಿಸಿದ್ದು. ಕಂಪನಿಯದ್ದಲ್ಲ, ಪಂಪ್‌ವೆಲ್ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿದ ಕೇಬಲ್ ಮಾದರಿಯ ರೆಗ್ಯುಲೇಟರ್, ಅಂದರೆ ಮೋಟಾರ್ ತಿರುಗಿದಾಗ ಬಾಗಿಲೊಳಗೆ ಗ್ಲಾಸನ್ನು ಏರಿಸಿ ಇಳಿಸುವ ಭಾಗ. ಮೋಟಾರ್ ಬಿಟ್ಟು 2,000 ರೂಪಾಯಿಯೊಳಗೆ ಬಂತು. ಆಮೇಲೆ ನಮ್ಮೂರ ಮಳೆಗಾಲಗಳನ್ನೂ ಪಣಂಬೂರು, ಮಲ್ಪೆಯ ಉಪ್ಪುಗಾಳಿಯನ್ನೂ ಅದು ಕಂಡಾಗಿದೆ. ಇವತ್ತಿಗೂ ಬಟನ್ ಒತ್ತಿದರೆ ಗ್ಲಾಸ್ ಸಲೀಸಾಗಿ ಏರುತ್ತದೆ.

ಆದರೆ ಇಷ್ಟು ಓದಿ ಸೀದಾ ಅಂಗಡಿಗೆ ಹೋಗಬೇಡಿ. ಗ್ಲಾಸ್ ಏರದಿರುವುದಕ್ಕೆ ರೆಗ್ಯುಲೇಟರ್ ಒಂದೇ ಕಾರಣ ಅಲ್ಲ. ನನ್ನ ಕಾರಿನಲ್ಲಿ ಮುಖ್ಯ ತೊಂದರೆ ಬೇರೆಯೇ ಇತ್ತು. ಅದು ಗೊತ್ತಾಗದೆ ಬರೀ ಪಾರ್ಟ್ ಬದಲಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಗ್ಲಾಸೂ ಏರುತ್ತಿರಲಿಲ್ಲ.

ಶುರುವಾಗಿದ್ದು ಹೀಗೆ. ಜೂನ್ ಮಳೆ ಹಿಡಿದ ಮೇಲೆ ಎಡಗಡೆ ಗ್ಲಾಸ್ ಒಮ್ಮೆ ಏರುತ್ತಿತ್ತು, ಒಮ್ಮೆ ಇಲ್ಲ. ಡ್ರೈವರ್ ಕಡೆಯ ಸ್ವಿಚ್ಚಿಂದಲೂ ಅಷ್ಟೇ, ಬಾಗಿಲಿನ ಸ್ವಿಚ್ಚಿಂದಲೂ ಅಷ್ಟೇ. ಉಳಿದ ಗ್ಲಾಸುಗಳಿಗೆ ಏನೂ ತೊಂದರೆ ಇರಲಿಲ್ಲ. ಒಂದು ವರ್ಕ್‌ಶಾಪಿಗೆ ಕೊಂಡುಹೋದರೆ, ಬಾಗಿಲು ಬಿಚ್ಚದೆಯೇ "ಮೋಟಾರ್ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು" ಅಂತ ಅಂದಾಜು ಪಟ್ಟಿ ಬರೆದು ಕೈಗೆ ಕೊಟ್ಟರು. ಬಿಚ್ಚಿ ನೋಡದೆ ಮೋಟಾರ್ ಹೋಗಿದೆ ಅಂತ ಹೇಗೆ ಹೇಳುವುದು? ಇದು ನನಗೆ ನಿಜಕ್ಕೂ ಬೇಸರ ತರಿಸಿತು, ಯಾಕೆಂದರೆ ಹೀಗೆ ಎಷ್ಟು ಜನರ ಒಳ್ಳೆ ಮೋಟಾರುಗಳು ಗುಜರಿಗೆ ಹೋಗಿರಬಹುದು, ಅಲ್ವಾ?

ಆಮೇಲೆ ಹೋದದ್ದು ಕೊಟ್ಟಾರ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವರ ಹತ್ತಿರ. ಅವರು ಮೊದಲು ಮಾಡಿದ್ದು, ಒಳಗಿನ ಲೈಟ್ ಹಾಕಿ ಗ್ಲಾಸ್ ಸ್ವಿಚ್ ಒತ್ತಿದ್ದು. ಮೋಟಾರ್ ಕರೆಂಟ್ ಎಳೆದರೆ ಆ ಲೈಟ್ ಸ್ವಲ್ಪ ಮಂಕಾಗಬೇಕು. ಮಂಕಾಗಿಯೂ ಗ್ಲಾಸ್ ಅಲ್ಲಾಡದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಮೋಟಾರ್ ಜಾಮ್ ಆಗಿದೆ ಅಂತ ಅರ್ಥ. ಮಂಕೇ ಆಗದಿದ್ದರೆ ಕರೆಂಟ್ ಮೋಟಾರಿನವರೆಗೆ ಹೋಗುತ್ತಿಲ್ಲ, ಇಲ್ಲವೇ ಮೋಟಾರಿನೊಳಗಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದಿದೆ. ನನ್ನದರಲ್ಲಿ ಮಂಕಾಗಲಿಲ್ಲ. ಸ್ವಿಚ್ ಒತ್ತಿಕೊಂಡೇ ಬಾಗಿಲನ್ನು ನಿಧಾನ ತೆರೆಯುತ್ತಾ ಹೋದಾಗ, ಅರ್ಧ ತೆರೆದಲ್ಲಿ ಗ್ಲಾಸ್ ಸರ್ರನೆ ಇಳಿಯಿತು. "ಮೋಟಾರಿಗೆ ಎಂತ ಆಗ್ಲಿಲ್ಲ ಮಾರಾಯ್ರೇ, ಅದಕ್ಕೆ ಕರೆಂಟೇ ಸರಿ ಹೋಗ್ತಾ ಇಲ್ಲ" ಅಂದರು.

ಡೋರ್ ಪ್ಯಾಡ್ ಬಿಚ್ಚಿದರು. ಹಿಡಿಯ ಹಿಂದಿನ ಸ್ಕ್ರೂಗಳು, ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್‌ಗಳು, ಅಷ್ಟೇ. ಮೋಟಾರಿನ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ತೋರಿಸಿತು. ಅಲ್ಲೇ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಕೆಂಪಗೆ ಮಿಣುಕಿತು ಅಷ್ಟೇ. ಇದು ಎಲ್ಲರೂ ತಿಳಿದಿರಬೇಕಾದ ಸಂಗತಿ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ, ಹಾಗಾಗಿ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟಾರಿಗೆ ಹಲವು ಆಂಪಿಯರ್ ಬೇಕು, ಅಷ್ಟು ಆ ಒಂದು ಎಳೆಯಲ್ಲಿ ಹರಿಯುವುದಿಲ್ಲ. ಬರೀ ಮೀಟರ್ ನೋಡಿ "ಕರೆಂಟ್ ಬರ್ತಿದೆ, ಮೋಟಾರ್ ಹೋಗಿದೆ" ಅನ್ನುವುದು ಇದೇ ಕಾರಣಕ್ಕೆ ತಪ್ಪು.

ತೊಂದರೆ ಇದ್ದದ್ದು ಬಾಗಿಲಿನ ಕೀಲಿನ ಹತ್ತಿರ, ವೈರುಗಳು ಬಾಡಿಯಿಂದ ಬಾಗಿಲಿಗೆ ದಾಟುವ ರಬ್ಬರ್ ಕೊಳವೆಯಲ್ಲಿ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಲ್ಲಿ ವೈರ್ ಬಗ್ಗುತ್ತದೆ. ರಬ್ಬರನ್ನು ಹಿಂದೆ ಸರಿಸಿದಾಗ ಒಂದು ವೈರಿನ ಹೊದಿಕೆ ಬಿರಿದು, ಒಳಗಿನ ತಾಮ್ರ ಕಿಲುಬು ಹಿಡಿದು ಹಸಿರಾಗಿತ್ತು. ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. ಗ್ಲಾಸ್ ಮೋಟಾರಿಗೆ ಹೋಗುವ ಎರಡು ವೈರುಗಳಲ್ಲಿ ಒಂದು ತುಂಡಾದರೂ ಸಾಕು, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರಬೇಕು, ದಿಕ್ಕು ಅದಲುಬದಲಾದರೆ ಮೋಟಾರ್ ತಿರುಗಾ ಓಡುತ್ತದೆ. ಅವರು ಹಾಳಾದ ಭಾಗ ಕತ್ತರಿಸಿ, ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ ಮೇಲೆ ಸ್ಲೀವ್ ಏರಿಸಿದರು. ಜೋಡಣೆ ಮಾತ್ರ ಕೊಳವೆಯ ಒಳಗೆ ಬಗ್ಗುವ ಜಾಗದಲ್ಲಿ ಬರದಂತೆ ನೋಡಿಕೊಂಡರು. ಬೆಸುಗೆ ಬಿದ್ದಲ್ಲಿ ವೈರ್ ಗಡುಸಾಗುತ್ತದೆ, ಅಲ್ಲೇ ಮತ್ತೆ ಬಗ್ಗಿದರೆ ಮತ್ತೆ ತುಂಡು.

ಹಾಗಾದರೆ ರೆಗ್ಯುಲೇಟರ್ ಯಾಕೆ ಹಾಕಿಸಿದೆ? ಬಾಗಿಲು ಬಿಚ್ಚಿದ್ದಾಗ ಅದರ ಸ್ಥಿತಿಯೂ ಕಣ್ಣಿಗೆ ಬಿತ್ತು. ಸೈಕಲ್ ಬ್ರೇಕಿನಲ್ಲಿ ಇರುವಂಥದ್ದೇ ಉಕ್ಕಿನ ಕೇಬಲ್, ಮೇಲಿನ ರಾಟೆಯ ಹತ್ತಿರ ಅದರ ಎಳೆಗಳು ಬಿಚ್ಚಿ ಹೊರಗೆ ಚಾಚಿದ್ದವು. ಗ್ಲಾಸನ್ನು ಹಿಡಿಯುವ ಪ್ಲಾಸ್ಟಿಕ್ ಸ್ಲೈಡರ್‌ನಲ್ಲಿ ಬಿರುಕು. ಇವತ್ತಲ್ಲ ನಾಳೆ ಕರಕರ ಸದ್ದು ಮಾಡಿ ಗ್ಲಾಸ್ ದಡ್ಡನೆ ಬಾಗಿಲೊಳಗೆ ಬೀಳುವುದು ಖಂಡಿತ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಜುಲೈ ತಿಂಗಳಲ್ಲಿ ಗ್ಲಾಸ್ ಕೆಳಗೆ ಬಿದ್ದ ಕಾರು ಇಟ್ಟುಕೊಳ್ಳಲು ಯಾರಿಗೆ ಧೈರ್ಯ? ಹಳೆ ಮೋಟಾರನ್ನೇ ಸ್ಕ್ರೂ ಬಿಚ್ಚಿ ಹೊಸ ರೆಗ್ಯುಲೇಟರಿಗೆ ಕೂರಿಸಿದರು. ಆ ಮೋಟಾರ್ ಇವತ್ತಿಗೂ ಓಡುತ್ತಿದೆ.

ಈಗ ಪಾರ್ಟಿನ ಗುಣ-ದೋಷ. ಬೋಲ್ಟ್ ತೂತುಗಳು ಸರಿಯಾಗಿ ಕೂತವು, ಎಲ್ಲೂ ಉಜ್ಜಿ ಹೊಂದಿಸಬೇಕಾಗಲಿಲ್ಲ. ವೇಗ ಬಲಗಡೆಯ ಗ್ಲಾಸಿನಷ್ಟೇ ಇದೆ. ಗ್ಲಾಸ್ ಪೂರ್ತಿ ಇಳಿದಾಗ ಟಕ್ ಅಂತ ಒಂದು ಸಣ್ಣ ಸದ್ದು ಬರುತ್ತದೆ, ಕಂಪನಿಯದ್ದರಲ್ಲಿ ಅದು ಇರಲಿಲ್ಲ. ಸ್ಲೈಡರಿನ ಪ್ಲಾಸ್ಟಿಕ್ ಸ್ವಲ್ಪ ತೆಳು ಅನ್ನಿಸುತ್ತದೆ. ಗ್ಲಾಸ್ ಹಿಡಿದಿರುವ ಬೋಲ್ಟು ಮಧ್ಯೆ ಒಮ್ಮೆ ಸಡಿಲವಾಗಿ ಗ್ಲಾಸ್ ಓರೆಯಾಗಿ ಏರತೊಡಗಿತ್ತು, ಬಿಗಿ ಮಾಡಿದ ಮೇಲೆ ಸರಿಹೋಯಿತು. ಬಿಲ್ಲಿನಲ್ಲಿ ವಾರಂಟಿ ಅಂತ ಏನೂ ಇಲ್ಲ. ಈ ಬೆಲೆಗೆ ನನಗೆ ಇದೆಲ್ಲ ಒಪ್ಪಿಗೆ.

ಇಷ್ಟು ಬಾಳಿಕೆ ಬಂದದ್ದಕ್ಕೆ ಪಾರ್ಟಿಗಿಂತ ಜಾಸ್ತಿ ಕಾರಣ ಆವತ್ತು ಜೊತೆಗೆ ಮಾಡಿದ ಸಣ್ಣ ಕೆಲಸಗಳು ಅನ್ನುವುದು ನನ್ನ ಅಭಿಪ್ರಾಯ. ಗ್ಲಾಸ್ ಓಡುವ ರಬ್ಬರ್ ಬೀಡಿಂಗ್‌ನಲ್ಲಿ ಬೀಚಿನ ಮರಳು, ಧೂಳು ಸೇರಿ ಗಟ್ಟಿಯಾಗಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಸಿಲಿಕೋನ್ ಸ್ಪ್ರೇ ಹೊಡೆದರು. ಅಲ್ಲಿಗೆ ಗ್ರೀಸ್, ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ, ಮರಳೂ ಜಾಸ್ತಿ ಅಂಟುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳು ಕೆಸರು, ಕಸದಿಂದ ಮುಚ್ಚಿದ್ದವು, ಅವನ್ನು ಬಿಡಿಸಿದರು. ಮಳೆ ನೀರು ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ಸಹಜ, ಅದು ಹೊರಗೆ ಹೋಗಲು ದಾರಿ ಇರಬೇಕು ಅಷ್ಟೇ. ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ತುಂಬ ಕಡೆ ಕಿತ್ತು ಬಿಸಾಡುತ್ತಾರೆ ಅಥವಾ ಸುಮ್ನೆ ತುರುಕುತ್ತಾರೆ. ಅದನ್ನು ಸುತ್ತ ಅಂಟಿಸಲೇಬೇಕು, ಇಲ್ಲದಿದ್ದರೆ ನೀರು ಸ್ವಿಚ್ಚಿಗೆ, ಸ್ಪೀಕರಿಗೆ, ಕೊನೆಗೆ ಕಾರ್ಪೆಟ್ಟಿಗೆ ಬರುತ್ತದೆ. ಪಕ್ಕದಲ್ಲೇ ನಿಂತು ಅಂಟಿಸಿಸಿಕೊಳ್ಳಿ.

ಡ್ರೈವರ್ ಕಡೆಯದ್ದು ಬಿಟ್ಟು ಉಳಿದ ಗ್ಲಾಸುಗಳು ಕೆಲಸ ಮಾಡದಿದ್ದರೆ ಮೊದಲು ಡ್ರೈವರ್ ಬಾಗಿಲಿನ ಗ್ಲಾಸ್ ಲಾಕ್ ಬಟನ್, ಒಂದು ಗ್ಲಾಸೂ ಕೆಲಸ ಮಾಡದಿದ್ದರೆ ಫ್ಯೂಸ್ ನೋಡಿ, ಅಲ್ಲೇ ಮುಗಿಯಬಹುದು. ಬಾಗಿಲನ್ನು ಅಂಗೈಯಲ್ಲಿ ತಟ್ಟಿದಾಗ ಗ್ಲಾಸ್ ಓಡಿದರೆ ಮಾತ್ರ ಮೋಟಾರಿನ ಬ್ರಷ್ ಮೇಲೆ ಅನುಮಾನ ಪಡಿ. ಸಿಕ್ಕಿಕೊಂಡ ಗ್ಲಾಸಿಗೆ ಬಟನ್ ಒತ್ತುತ್ತಲೇ ಇರಬೇಡಿ. ತುಂಬ ಮೋಟಾರುಗಳಲ್ಲಿ ಬಿಸಿಯಾದರೆ ಕರೆಂಟ್ ಕಡಿಯುವ ವ್ಯವಸ್ಥೆ ಇರುತ್ತದೆ, ತಣಿದ ಮೇಲೆ ಮತ್ತೆ ಓಡುತ್ತದೆ, ಆಗ ತಾನಾಗಿ ಸರಿಹೋಯಿತು ಅಂತ ಅನ್ನಿಸುತ್ತದೆ, ಆದರೆ ತೊಂದರೆ ಅಲ್ಲೇ ಇರುತ್ತದೆ. ನೀವೇ ಬಾಗಿಲು ಬಿಚ್ಚುವುದಾದರೆ ಒಳಗೆ ಕೈ ಹಾಕುವ ಮೊದಲು ಮೋಟಾರಿನ ಕನೆಕ್ಟರ್ ತೆಗೆದಿಡಿ, ಯಾರಾದರೂ ಸ್ವಿಚ್ ಒತ್ತಿದರೆ ಬೆರಳು ಉಳಿಯುವುದಿಲ್ಲ.

ಕೊಳ್ಳುವುದಾದರೆ ಹಳೆ ರೆಗ್ಯುಲೇಟರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಎಡ-ಬಲ ಬೇರೆ, ಮುಂದೆ-ಹಿಂದೆ ಬೇರೆ, ಒಂದೇ ಕಾರಿನ ಹಳೆ-ಹೊಸ ಮಾದರಿಯಲ್ಲೂ ಮೋಟಾರ್ ಕೂರುವ ತೂತುಗಳು ಬೇರೆ ಇರಬಹುದು. ಎರಡನ್ನೂ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿ ದುಡ್ಡು ಕೊಡಿ. ಒಂದೇ ಒತ್ತಿಗೆ ತಾನಾಗಿ ಏರುವ ಗ್ಲಾಸ್ ಆದರೆ ಕೆಲಸ ಮುಗಿದ ಮೇಲೆ ಅದಕ್ಕೆ ಮೇಲಿನ ತುದಿ ಮತ್ತೆ ಕಲಿಸಬೇಕಾಗುತ್ತದೆ. ಸಾಮಾನ್ಯವಾಗಿ ಗ್ಲಾಸ್ ಮುಚ್ಚಿದ ಮೇಲೂ ಬಟನನ್ನು ಕೆಲವು ಸೆಕೆಂಡ್ ಹಿಡಿದಿರಬೇಕು, ನಿಮ್ಮ ಕಾರಿನ ಕ್ರಮ ಅದರ ಪುಸ್ತಕದಲ್ಲಿ ಇರುತ್ತದೆ.