ಯೊಸೆಮಿಟಿಯ ಅಪ್ಪರ್ ಪೈನ್ಸ್: ಪೈನ್ ಮರಗಳ ಕೆಳಗೊಂದು ವಠಾರ

ಕಾಡಿನ ನಡುವೆ ಒಂಟಿ ಡೇರೆ, ಸುತ್ತ ನಿಶ್ಶಬ್ದ, ತಲೆಯ ಮೇಲೆ ನಕ್ಷತ್ರ. ಈ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್‌ಗೆ ಬಂದವರು ಮೊದಲ ಸಂಜೆಯೇ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇಲ್ಲಿ ಡೇರೆ ಹಾಕುವ 230ಕ್ಕೂ ಹೆಚ್ಚು ಸೈಟುಗಳು ಒತ್ತೊತ್ತಾಗಿ ಕೂತಿವೆ. ಪಕ್ಕದವರ ಮಗು ರಾತ್ರಿ ಅತ್ತರೆ ನಿಮ್ಮ ಡೇರೆಗೆ ಕೇಳುತ್ತದೆ, ನಿಮ್ಮ ಒಗ್ಗರಣೆಯ ಘಾಟಿಗೆ ಅವರು ಸೀನುತ್ತಾರೆ. ಹಳೇ ಬೆಂಗಳೂರಿನ ವಠಾರವೇ, ಹೆಂಚಿನ ಬದಲು ಪೈನ್ ಮರ. ಅಷ್ಟಾದರೂ ಚಿಕ್ಕ ಮಕ್ಕಳಿರುವ ಮನೆಯವರು ಯೊಸೆಮಿಟಿಯಲ್ಲಿ ಎಲ್ಲಿ ಉಳಿಯಬೇಕು ಎಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಇದೇ.

ಕಾರಣ ಜಾಗ. ಸಮುದ್ರಮಟ್ಟದಿಂದ 4,000 ಅಡಿ ಎತ್ತರದ ಯೊಸೆಮಿಟಿ ಕಣಿವೆಯ ಪೂರ್ವದ ತುದಿಯಲ್ಲಿ ಈ ಕ್ಯಾಂಪ್‌ಗ್ರೌಂಡ್ ಇದೆ. ಜಲಪಾತದತ್ತ ಏರುವ ಮಿಸ್ಟ್ ಟ್ರೇಲ್ ಎಂಬ ಕಾಲುದಾರಿ ಹೊರಡುವ ಹ್ಯಾಪಿ ಐಲ್ಸ್‌ಗೆ ಇಲ್ಲಿಂದ ಹದಿನೈದು ನಿಮಿಷದ ನಡಿಗೆ. ಅಂಗಡಿ, ಪಿಜ್ಜಾ, ಬಿಸಿನೀರಿನ ಸ್ನಾನ ಸಿಗುವ ಕರಿ ವಿಲೇಜ್ ಕೂಡ ನಡೆದೇ ಮುಟ್ಟುವ ದೂರ. ಬೇಸಿಗೆಯ ವಾರಾಂತ್ಯದಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಕಣಿವೆಗೆ ಬಂದವರು ಪಾರ್ಕಿಂಗ್ ಹುಡುಕುತ್ತ ಗಂಟೆಗಟ್ಟಲೆ ಸುತ್ತುವಾಗ, ನಿಮ್ಮ ಕಾರು ಬಂದ ದಿನ ನಿಲ್ಲಿಸಿದ ಕಡೆಯಿಂದ ಕದಲಬೇಕಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಉಚಿತ ಶಟಲ್ ಬಸ್ಸು ಓಡುತ್ತದೆ. ಮಗು ನಡುಮಧ್ಯಾಹ್ನ ಹಟ ಹಿಡಿದರೆ ವಾಪಸು ಬಂದು ಮಲಗಿಸಿ, ಸಂಜೆ ಮತ್ತೆ ಹೊರಡಬಹುದು. ಪಾರ್ಕಿನ ಹೊರಗೆ ಗ್ರೋವ್‌ಲ್ಯಾಂಡ್ ಊರಿನ ಕಡೆಯ ಖಾಸಗಿ ಕ್ಯಾಂಪುಗಳಲ್ಲಿ ಈಜುಕೊಳ, ಷವರ್, ವಿದ್ಯುತ್ ಎಲ್ಲ ಇರಬಹುದು. ಆದರೆ ಅಲ್ಲಿಂದ ಕಣಿವೆಗೆ ದಿನಾ ಹೋಗಿ ಬರುವುದರಲ್ಲೇ ಎರಡು ಮೂರು ಗಂಟೆ ಘಾಟಿಯ ತಿರುವಿಗೆ ಹೋಗುತ್ತದೆ, ಹಿಂದಿನ ಸೀಟಿನಲ್ಲಿ ವಾಂತಿ ಬೇರೆ.

ಇಷ್ಟು ಇಕ್ಕಟ್ಟು ಏಕೆ ಎನ್ನುವುದಕ್ಕೆ ಅರ್ಧ ಉತ್ತರ 1997ರ ಜನವರಿಯ ಪ್ರವಾಹದಲ್ಲಿದೆ. ಮರ್ಸೆಡ್ ನದಿ ಉಕ್ಕಿ ಅಪ್ಪರ್ ರಿವರ್, ಲೋವರ್ ರಿವರ್ ಎಂಬ ಎರಡು ಕ್ಯಾಂಪ್‌ಗ್ರೌಂಡುಗಳನ್ನು ಮುಗಿಸಿಬಿಟ್ಟಿತು. ಆಮೇಲೆ ಕಣಿವೆಯಲ್ಲಿ ಕಾರು ಪಕ್ಕಕ್ಕೇ ನಿಲ್ಲಿಸಿ ಡೇರೆ ಹಾಕಲು ಉಳಿದದ್ದು ಮೂರು ಪೈನ್ಸ್‌ಗಳು ಮಾತ್ರ: ಅಪ್ಪರ್, ಲೋವರ್, ನಾರ್ತ್. ಕೊನೆಯ ಎರಡು ನದಿಗೆ ಅಂಟಿಕೊಂಡಿವೆ, ನೋಟ ಹೆಚ್ಚು ಚೆಂದ, ಆದರೆ ಸೈಟುಗಳು ಕಡಿಮೆ ಮತ್ತು ಚಳಿಗಾಲದಲ್ಲಿ ಮುಚ್ಚುತ್ತವೆ. ಮೂರರಲ್ಲಿ ವರ್ಷಪೂರ್ತಿ ತೆರೆದಿರುವುದು ಅಪ್ಪರ್ ಪೈನ್ಸ್ ಒಂದೇ. ನಡೆಯಲು ಈಗಷ್ಟೇ ಕಲಿತ ಮಗುವಿದ್ದರೆ ನದಿಯಿಂದ ಸ್ವಲ್ಪ ದೂರವಿರುವುದೇ ಒಳ್ಳೆಯದು. ಮೇ, ಜೂನ್‌ನಲ್ಲಿ ಹಿಮ ಕರಗಿದ ನೀರಿನ ಸೆಳೆತದಲ್ಲಿ ದೊಡ್ಡವರೇ ಕಾಲೂರಿ ನಿಲ್ಲಲಾರರು.

ಬುಕಿಂಗ್ ಎನ್ನುವುದು ಬಿಡಿಎ ಸೈಟಿನ ಹಂಚಿಕೆಯ ಹಾಗೆ. ಅರ್ಜಿ ಲಕ್ಷ, ಸೈಟು ಕೆಲವೇ. ಐದು ತಿಂಗಳವರೆಗಿನ ದಿನಾಂಕಗಳು ಒಂದೊಂದು ತಿಂಗಳ ಕಂತಿನಲ್ಲಿ, ತಿಂಗಳ 15ನೇ ತಾರೀಕು ಪೆಸಿಫಿಕ್ ಸಮಯ ಬೆಳಿಗ್ಗೆ 7ಕ್ಕೆ ರಿಕ್ರಿಯೇಷನ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ತೆರೆದುಕೊಳ್ಳುತ್ತವೆ. ಬೇಸಿಗೆಯ ವಾರಾಂತ್ಯಗಳು ನಿಮಿಷಗಳಲ್ಲಿ ಖಾಲಿ. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಏಳು ಗಂಟೆಗೆ ಲಾಗಿನ್ ಮಾಡಲು ಕೂರುವುದರಿಂದ. ಹಿಂದಿನ ರಾತ್ರಿಯೇ ಖಾತೆ, ಕಾರ್ಡು, ವಿಳಾಸ ಎಲ್ಲ ತುಂಬಿಸಿಟ್ಟಿರಿ. 6:50ಕ್ಕೆ ಲಾಗಿನ್ ಆಗಿ ಸೈಟಿನ ಪುಟವನ್ನೇ ತೆರೆದಿಟ್ಟುಕೊಂಡು ಕಾಯಿರಿ. ಒಂದೇ ಸೈಟಿಗೆ ಗಂಟು ಬೀಳಬೇಡಿ, ಆರೇಳು ನಂಬರು ಬರೆದಿಟ್ಟುಕೊಳ್ಳಿ. ಶುಕ್ರವಾರಕ್ಕಿಂತ ಬುಧವಾರ ಬರುವಂತೆ ಯೋಜಿಸಿದರೆ ಸಿಗುವ ಸಾಧ್ಯತೆ ಎಷ್ಟೋ ಹೆಚ್ಚು. ಸಿಗದಿದ್ದರೂ ಕೈಚೆಲ್ಲಬೇಕಿಲ್ಲ: ಹೋಗುವ ಹತ್ತು ದಿನದೊಳಗೆ ರದ್ದಾದ ಸೈಟುಗಳು ಉದುರುತ್ತವೆ, ಆಗ ದಿನಕ್ಕೆರಡು ಸಲ ಇಣುಕಬೇಕು. ಬುಕ್ ಮಾಡಿದವರ ಫೋಟೋ ಗುರುತುಚೀಟಿ ಚೆಕ್‌ಇನ್‌ನಲ್ಲಿ ಕೇಳುತ್ತಾರೆ. ಹಾಗಾಗಿ ಯಾರೋ ಮಾರುತ್ತಿರುವ ಬುಕಿಂಗ್ ಕೊಳ್ಳುವುದು ದುಡ್ಡು ದಂಡ.

ಒಂದು ರಾತ್ರಿಗೆ 36 ಡಾಲರ್. ಒಂದು ಸೈಟಿನಲ್ಲಿ ಆರು ಜನ, ಎರಡು ವಾಹನ. ಕೈಗೂಸನ್ನೂ ಆರರಲ್ಲಿ ಎಣಿಸುತ್ತಾರೆ, ಇದನ್ನು ಮರೆತು ಎರಡು ಸಂಸಾರ ಒಂದೇ ಸೈಟಿಗೆ ಬಂದು ಗೇಟಿನಲ್ಲಿ ಪೇಚಾಡುವುದು ಸಾಮಾನ್ಯ. ಪಾರ್ಕಿನ ಪ್ರವೇಶ ಶುಲ್ಕ ಬೇರೆ, ಏಳು ದಿನಕ್ಕೆ ಕಾರಿಗೆ 35 ಡಾಲರ್. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ ಎನ್ನುವವರು ಇನ್ನೊಂದು ಲೆಕ್ಕ ಹಾಕಬೇಕು: 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದವರಿಗೆ ಯೊಸೆಮಿಟಿಯೂ ಸೇರಿ 11 ರಾಷ್ಟ್ರೀಯ ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ.

ಸೈಟಿನಲ್ಲಿ ಸಿಗುವುದು ಒಂದು ಮರದ ಮೇಜು, ಮೇಲೆ ಕಬ್ಬಿಣದ ಜಾಲರಿ ಇರುವ ಒಲೆಗುಂಡಿ, ಒಂದು ಕಬ್ಬಿಣದ ಪೆಟ್ಟಿಗೆ. ಹತ್ತಿರದಲ್ಲಿ ಕುಡಿಯುವ ನೀರಿನ ನಲ್ಲಿ, ಫ್ಲಶ್ ಇರುವ ಶೌಚಾಲಯ. ಷವರ್ ಇಲ್ಲ, ಸೈಟಿಗೆ ವಿದ್ಯುತ್ ಸಂಪರ್ಕ ಇಲ್ಲ, ಆರ್‌ವಿ (ಒಳಗೇ ಮಲಗುವ ವಾಹನ) ತಂದವರಿಗೂ ನೀರು, ಕರೆಂಟಿನ ಹುಕಪ್ ಇಲ್ಲ. 35 ಅಡಿಗಿಂತ ಉದ್ದದ ಆರ್‌ವಿಗೆ ಜಾಗವೇ ಇಲ್ಲ. ಜನರೇಟರ್ ಹಾಕಲು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ ಅವಕಾಶ. ಶೌಚಾಲಯದ ಎದುರಿನ ಸೈಟು ಮಕ್ಕಳಿಗೆ ಅನುಕೂಲ ಎಂದು ಆರಿಸಿಕೊಳ್ಳುವವರಿದ್ದಾರೆ. ರಾತ್ರಿಯಿಡೀ ಬಾಗಿಲಿನ ದಡಾರ್, ಕಣ್ಣಿಗೆ ಹೊಡೆಯುವ ದೀಪ, ನಿಮ್ಮ ಡೇರೆಯ ಪಕ್ಕದಲ್ಲೇ ಟಾರ್ಚು ಹಿಡಿದವರ ಅಡ್ಡದಾರಿ, ಇದೆಲ್ಲ ಅದರ ಜೊತೆ ಬರುತ್ತದೆ. ನಕ್ಷೆಯಲ್ಲಿ ಶೌಚಾಲಯದಿಂದ ನಾಲ್ಕೈದು ಸೈಟು ಆಚೆಗಿನದನ್ನು ಹಿಡಿಯಿರಿ.

ಈಗ ಆ ಕಬ್ಬಿಣದ ಪೆಟ್ಟಿಗೆಯ ವಿಷಯ. ಅದು ಕರಡಿ ತೆಗೆಯಲಾಗದ ಲಾಕರ್. ಆಳ 33 ಇಂಚು, ಅಗಲ 45, ಎತ್ತರ 18. ಕೂಲರ್ ಕೊಳ್ಳುವಾಗ ಟೇಪು ಹಿಡಿದು ಎತ್ತರ ಅಳೆಯಿರಿ. ಚಕ್ರವಿರುವ ದೊಡ್ಡ ಕೂಲರ್‌ಗಳು ಒಂದಿಂಚು ಅರ್ಧ ಇಂಚಿನಲ್ಲಿ ಕೈಕೊಡುತ್ತವೆ. ಆಗ ಅಡ್ಡ ಮಲಗಿಸಬೇಕಾಗುತ್ತದೆ, ಕರಗಿದ ಐಸಿನ ನೀರು ಅಕ್ಕಿ ಚೀಲಕ್ಕೆ ಇಳಿಯುತ್ತದೆ. 16 ಇಂಚಿನೊಳಗಿನ ಒಂದು ಕೂಲರ್, ಪಕ್ಕಕ್ಕೆ ಎರಡು ಪ್ಲಾಸ್ಟಿಕ್ ಡಬ್ಬ, ಮೇಲೆ ಬ್ರೆಡ್ಡು ಹಣ್ಣಿನ ಚೀಲ: ಆರು ಜನರ ಮೂರು ದಿನದ ಊಟಕ್ಕೆ ಈ ಜೋಡಣೆ ಸಾಕು.

ಯೊಸೆಮಿಟಿಯಲ್ಲಿ 300ರಿಂದ 500 ಕರಿಕರಡಿಗಳಿವೆ. ಹೆಸರಷ್ಟೇ ಕರಿ, ಬಹಳಷ್ಟರ ಮೈ ಕಂದು. ಅವು ಮನುಷ್ಯರನ್ನು ಹುಡುಕಿ ಬರುವುದಿಲ್ಲ, ವಾಸನೆ ಹುಡುಕಿ ಬರುತ್ತವೆ. ಕಾರಿನ ಕಿಟಕಿಯ ಚೌಕಟ್ಟಿಗೆ ಉಗುರು ಹಾಕಿ ಬಾಗಿಲನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಬಗ್ಗಿಸುವ ಶಕ್ತಿ ಅವಕ್ಕಿದೆ. 1998ರಲ್ಲಿ ಪಾರ್ಕಿನಲ್ಲಿ ಕರಡಿ ಕಾಟದ 1,500ಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು. ಈಗ ತೀರಾ ಕಡಿಮೆಯಾಗಿದ್ದರೆ ಅದಕ್ಕೆ ಈ ಲಾಕರ್‌ಗಳ ಕಟ್ಟುನಿಟ್ಟೇ ಮುಖ್ಯ ಕಾರಣ. ರಾತ್ರಿ ಕಾರಿನಲ್ಲಿ ತಿನ್ನುವ ಪದಾರ್ಥ ಬಿಡುವಂತಿಲ್ಲ, ಡೇರೆಯಲ್ಲಂತೂ ಯಾವಾಗಲೂ ಇಲ್ಲ. ನೀವು ಸೈಟಿನಲ್ಲೇ ಕೂತಿದ್ದರೂ ಲಾಕರ್ ಮುಚ್ಚಿ ಚಿಲಕ ಹಾಕಿರಬೇಕು. ತಪ್ಪಿದರೆ ದಂಡ, ಕೆಲವೊಮ್ಮೆ ಕಾರೇ ಜಪ್ತಿ.

ಎಡವುವುದು ಇಲ್ಲೇ: ಆಹಾರ ಎಂದರೆ ಊಟ ಮಾತ್ರವಲ್ಲ. ವಾಸನೆ ಇರುವುದೆಲ್ಲ ಲಾಕರ್‌ಗೆ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಮಗುವಿನ ಒರೆಸುವ ಬಟ್ಟೆ, ಅಮ್ಮನ ಬ್ಯಾಗಿನ ಕೊಬ್ಬರಿ ಎಣ್ಣೆ, ಅಮೃತಾಂಜನ, ಬೆಳಿಗ್ಗೆ ಹಚ್ಚಲೆಂದು ತಂದ ಊದುಬತ್ತಿಯ ಪೊಟ್ಟಣ. ಸಂಜೆ ಬೆಳಕಿರುವಾಗಲೇ ಕಾರನ್ನು ಒಂದು ಸುತ್ತು ಶೋಧಿಸಿ: ಮಗುವಿನ ಸೀಟಿನ ಸಂದಿಯಲ್ಲಿ ಬಿದ್ದ ಚೀರಿಯೋಸ್, ಬಾಗಿಲಿನ ಜೇಬಿನ ಚೂಯಿಂಗ್ ಗಮ್, ಡಿಕ್ಕಿಯಲ್ಲಿ ಮರೆತ ಚಕ್ಕುಲಿ ಡಬ್ಬ. ಖಾಲಿ ಕೂಲರ್ ಕೂಡ ಕಾರಿನಲ್ಲಿ ಕಾಣುವಂತಿರಬಾರದು, ಅದರೊಳಗೆ ಊಟ ಇರುತ್ತದೆಂದು ಕರಡಿಗೆ ಗೊತ್ತು. ಇನ್ನೊಂದು ಮಾತು: ಬೇರೆ ಪಾರ್ಕುಗಳಲ್ಲಿ ಬಳಸುವ ಬೇರ್ ಸ್ಪ್ರೇ ಯೊಸೆಮಿಟಿಯಲ್ಲಿ ನಿಷಿದ್ಧ. ಕರಡಿ ಕಂಡರೆ 50 ಗಜ ದೂರ ಉಳಿಯಿರಿ. ಅದು ಸೈಟಿನೊಳಕ್ಕೇ ಬಂದರೆ ಎಲ್ಲರೂ ಒಟ್ಟಾಗಿ ನಿಂತು ಜೋರಾಗಿ ಕೂಗಿ ಓಡಿಸಿ. ಹಾಗೆ ನೋಡಿದರೆ ಹಗಲು ಕಾಟ ಕೊಡುವುದು ಕರಡಿಯಲ್ಲ, ಅಳಿಲು ಮತ್ತು ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ. ತಟ್ಟೆಯಿಂದ ಚಪಾತಿ ಎಗರಿಸಿಕೊಂಡು ಹೋಗಲು ಅವಕ್ಕೆ ಎರಡು ಕ್ಷಣ ಸಾಕು.

ಅಡುಗೆಗೆ ಎರಡು ಬರ್ನರ್‌ನ ಪ್ರೊಪೇನ್ ಸ್ಟೌ ಸರಿ. ಒಂದು ಪೌಂಡಿನ ಹಸಿರು ಸಿಲಿಂಡರು, ಎರಡೂ ಬರ್ನರ್ ಪೂರ್ತಿ ಉರಿಸಿದರೆ ಸುಮಾರು ಒಂದು ಗಂಟೆ ಬರುತ್ತದೆ. ನಮ್ಮ ಅಡುಗೆಯಲ್ಲಿ ಉರಿ ಹೆಚ್ಚು ಬೇಕು. ಎರಡು ರಾತ್ರಿಗೆ, ನಾಲ್ಕು ಜನಕ್ಕೆ ಮೂರು ಸಿಲಿಂಡರು ಇಟ್ಟುಕೊಳ್ಳಿ. ಏಷ್ಯನ್ ಅಂಗಡಿಗಳಲ್ಲಿ ಸಿಗುವ ಚಪ್ಪಟೆ ಬ್ಯುಟೇನ್ ಸ್ಟೌ ಜುಲೈಯಲ್ಲಿ ನಡೆಯುತ್ತದೆ. ಏಪ್ರಿಲ್ ಅಥವಾ ಅಕ್ಟೋಬರಿನ ಬೆಳಿಗ್ಗೆ ಕಾಫಿಗೆ ನೀರಿಟ್ಟರೆ ಮಿಣುಕುತ್ತ ಕೂರುತ್ತದೆ, ಸೊನ್ನೆ ಡಿಗ್ರಿಯ ಹತ್ತಿರ ಬ್ಯುಟೇನ್ ಆವಿಯಾಗುವುದೇ ಇಲ್ಲ. 4,000 ಅಡಿಯಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ಅನ್ನ ನಿಧಾನವಾದೀತು, ತೊಗರಿಬೇಳೆಯಂತೂ ಬೇಯುವಷ್ಟರಲ್ಲಿ ಸಿಲಿಂಡರು ಮುಗಿದಿರುತ್ತದೆ. ಮೂರು ಲೀಟರಿನ ಕುಕ್ಕರ್ ತನ್ನಿ. ಐದು ಲೀಟರಿನದಾದರೆ ಪಕ್ಕದ ಬರ್ನರ್ ಮೇಲೆ ಬಾಣಲೆ ಕೂರುವುದಿಲ್ಲ. ಬಿಸಿಬೇಳೆಬಾತಿನ ಪುಡಿ, ಹುರಿದ ರವೆ, ಒಗ್ಗರಣೆ ಸಾಮಾನುಗಳನ್ನು ಮನೆಯಲ್ಲೇ ಅಳೆದು ಕಟ್ಟಿಕೊಂಡು ಬಂದರೆ ಉಪ್ಪಿಟ್ಟು ಇಪ್ಪತ್ತು ನಿಮಿಷದ ಕೆಲಸ. ರಾತ್ರಿ 10ರಿಂದ ಬೆಳಿಗ್ಗೆ 6 ಮೌನದ ಅವಧಿ, ಕುಕ್ಕರಿನ ವಿಷಲ್ಲಿಗೂ ಅದು ಅನ್ವಯ. ಕುಡಿಯುವ ನೀರಿನ ನಲ್ಲಿಯಡಿ ಪಾತ್ರೆ ಉಜ್ಜುವಂತಿಲ್ಲ; ಒಂದು ಬೇಸನ್ ತಂದರೆ ಜಗಳ ತಪ್ಪುತ್ತದೆ. ಮುಗಿದ ಸಿಲಿಂಡರನ್ನು ಕಸದ ತೊಟ್ಟಿಗೆ ಹಾಕಬೇಡಿ.

ಬೆಂಕಿ ಕಾಯಿಸಲು ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಸಂಜೆ 5ರಿಂದ 10 ಮಾತ್ರ ಅನುಮತಿ. ಕಣಿವೆಯಲ್ಲಿ ಕಟ್ಟಿಗೆ ಆಯುವಂತಿಲ್ಲ, ಬಿದ್ದ ಪೈನ್ ಕಾಯಿಯನ್ನೂ ಮುಟ್ಟುವಂತಿಲ್ಲ. ಕಟ್ಟಿಗೆ ಅಂಗಡಿಯಲ್ಲಿ ಕೊಳ್ಳಿ. ಊರಿಂದ ಹೊತ್ತು ತಂದರೆ ಮರ ಕೊಲ್ಲುವ ಕೀಟವೂ ಅದರೊಳಗೆ ಬರುತ್ತದೆ. ಇನ್ನೂರು ಒಲೆಗಳ ಹೊಗೆ ಕಡಿದಾದ ಬಂಡೆಗಳ ನಡುವೆ ಸಿಕ್ಕಿಕೊಂಡು ರಾತ್ರಿಯೆಲ್ಲ ಕೆಳಗೇ ಕೂರುವುದರಿಂದ ಉಬ್ಬಸ ಇರುವವರಿಗೆ ಈ ಜಾಗ ಹಿಡಿಸದು. ಈ ಕ್ಯಾಂಪಿನ ದೊಡ್ಡ ಕೊರತೆ ಇದು, ಇಕ್ಕಟ್ಟಿಗಿಂತ ದೊಡ್ಡದು.

ಡೇರೆ ಹಾಕುವಾಗ ನೆಲ ಗಟ್ಟಿ, ಮೇಲೆ ದೂಳು. ಡೇರೆಯ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಬಗ್ಗಿಹೋಗುತ್ತದೆ. ಉಕ್ಕಿನ ಗೂಟ ಎಂಟು, ರಬ್ಬರ್ ಸುತ್ತಿಗೆ ಒಂದು ತನ್ನಿ. ಕೆಳಗೆ ಹಾಸುವ ಟಾರ್ಪಾಲು ಡೇರೆಗಿಂತ ಎಲ್ಲ ಕಡೆ ಎರಡಿಂಚು ಚಿಕ್ಕದಿರಲಿ, ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ಒಳಕ್ಕೇ ಕಳಿಸುತ್ತದೆ. ಜುಲೈಯಲ್ಲಿ ಹಗಲು 32 ಡಿಗ್ರಿ, ರಾತ್ರಿ 14ರ ಆಸುಪಾಸು. ಮೇ ಮತ್ತು ಅಕ್ಟೋಬರಿನಲ್ಲಿ ರಾತ್ರಿ 6ಕ್ಕೆ ಇಳಿಯುತ್ತದೆ. ಹಗಲಿನ ಬಿಸಿಲು ನಂಬಿ ಕಂಬಳಿ ಬಿಟ್ಟು ಬಂದವರು ಬೆಳಗಿನ ಜಾವ ಕಾರಿನಲ್ಲಿ ಹೀಟರ್ ಹಾಕಿ ಕೂರುವುದು ಇಲ್ಲಿನ ನಿತ್ಯದ ದೃಶ್ಯ. ಚಳಿ ಮೇಲಿಂದಲ್ಲ, ನೆಲದಿಂದ ಹತ್ತುತ್ತದೆ. ಗಾಳಿ ತುಂಬಿದ ಹಾಸಿಗೆಯ ಮೇಲೆ ಒಂದು ಫೋಮ್ ಚಾಪೆ ಹಾಸಿದರೆ ವ್ಯತ್ಯಾಸ ತಿಳಿಯುತ್ತದೆ.

ಯಾವಾಗ ಹೋಗುವುದು? ಜಲಪಾತ ನೋಡಬೇಕಾದರೆ ಮೇ ಕೊನೆ, ಜೂನ್ ಮೊದಲು. ಸೊಳ್ಳೆಯೂ ಆಗಲೇ. 2,425 ಅಡಿಯ ಯೊಸೆಮಿಟಿ ಫಾಲ್ಸ್ ಆಗಸ್ಟಿನ ಹೊತ್ತಿಗೆ ಬಂಡೆಯ ಮೇಲಿನ ಕಲೆಯಾಗಿ ಉಳಿಯುವುದುಂಟು. ಮಕ್ಕಳೊಂದಿಗೆ ವರ್ನಲ್ ಫಾಲ್ ಕಾಣುವ ಕಾಲುಸೇತುವೆಯವರೆಗೆ ಹೋಗಿ ಬನ್ನಿ: ಟ್ರೇಲ್ ಶುರುವಾದಲ್ಲಿಂದ 0.8 ಮೈಲಿ, 400 ಅಡಿ ಏರು. ಅಲ್ಲಿಂದ ಮುಂದೆ 600ಕ್ಕೂ ಹೆಚ್ಚು ಒದ್ದೆ ಕಲ್ಲಿನ ಮೆಟ್ಟಿಲು, ಚಪ್ಪಲಿಯಲ್ಲಿ ಬೇಡ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಡೇರೆಯ ಬದಲು ನದಿ ಪಕ್ಕದ ಹೌಸ್‌ಕೀಪಿಂಗ್ ಕ್ಯಾಂಪ್ ನೋಡಿ. ಕಾಂಕ್ರೀಟ್ ಗೋಡೆ, ಕ್ಯಾನ್ವಾಸ್ ಸೂರು, ಮಂಚ ಇರುತ್ತದೆ, ಸ್ವಂತ ಅಡುಗೆಗೂ ಅನುಮತಿ ಇದೆ. ಕರಿ ವಿಲೇಜಿನ ಡೇರೆಗಳಲ್ಲಿ ಮಂಚ ಉಂಟು, ಒಲೆ ಹಚ್ಚುವಂತಿಲ್ಲ. ಸಾರಿಲ್ಲದೆ ಎರಡು ದಿನ ಕಳೆಯಬಲ್ಲವರಿಗೆ ಅದು ಸರಿ.

ಚೆಕ್‌ಇನ್, ಚೆಕ್‌ಔಟ್ ಎರಡೂ ಮಧ್ಯಾಹ್ನ 12ಕ್ಕೆ. ಕಣಿವೆಯೊಳಗೆ ಪೆಟ್ರೋಲ್ ಸಿಗುವುದಿಲ್ಲ. 120ನೇ ಹೈವೇಯಲ್ಲಿ ಬಂದರೆ ಕ್ರೇನ್ ಫ್ಲಾಟ್, 140ರಲ್ಲಾದರೆ ಎಲ್ ಪೋರ್ಟಲ್, 41ರಲ್ಲಾದರೆ ವವೋನಾದಲ್ಲಿ ತುಂಬಿಸಿಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಡಿಕ್ಕಿಯಲ್ಲಿ ಟೈರಿನ ಸರಪಳಿ ಇರಲೇಬೇಕು. ಅದನ್ನು ಹಿಮದಲ್ಲಿ ನಿಂತು ಮೊದಲ ಸಲ ಬಿಚ್ಚಿ ನೋಡುವ ಬದಲು, ಮನೆಯ ಡ್ರೈವ್‌ವೇಯಲ್ಲಿ ಒಮ್ಮೆ ಹಾಕಿ ತೆಗೆದು ಬನ್ನಿ.