ಹಳೆ ಮರದ ಬೋಟಿಗೆ ನಿಧಾನದ ಡೀಸೆಲ್: ಒಂದು ಸೀಸನ್ ಓಡಿಸಿದ ಮೇಲೆ

ನಮ್ಮದು ಗಂಗೊಳ್ಳಿಯ 34 ಅಡಿಯ ಬೋಟು. ಅಪ್ಪನ ಕಾಲದ್ದು, ಹೆಬ್ಬಲಸಿನ ಹಲಗೆ. ಮರ ಇನ್ನೂ ಗಟ್ಟಿ ಇದೆ, ಎಂಜಿನ್ ಮಾತ್ರ ಮುಗಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಕಡಲಿಗೆ ಹೋಗುವ ಹಾಗಿಲ್ಲ. ಆ ಸಮಯದಲ್ಲಿ ಬೋಟನ್ನು ದಡಕ್ಕೆ ಎಳೆದು, ಮೇಲೆ ಟಾರ್ಪಾಲು ಕಟ್ಟಿ, ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಪ್ರೊಪೆಲ್ಲರ್ ಎಲ್ಲ ಹೊಸದು ಕೂರಿಸಿದೆವು. ಒಂದು ಸೀಸನ್ ಓಡಿಸಿ ಆಯಿತು. ಇದೇ ಯೋಚನೆಯಲ್ಲಿ ಇರುವವರು ನಮ್ಮ ಕಡೆ ತುಂಬ ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಹಾಕಿದ್ದು ಮೂರು ಸಿಲಿಂಡರಿನ ಕಿರ್ಲೋಸ್ಕರ್ ಡೀಸೆಲ್. 30 ಎಚ್‌ಪಿ ಆಸುಪಾಸು, 1800 ಆರ್‌ಪಿಎಂ. ಅದಕ್ಕೆ 3:1 ಗೇರ್‌ಬಾಕ್ಸ್, ನೇರ ಶಾಫ್ಟ್, 26 ಇಂಚಿನ ಕಂಚಿನ ಪ್ರೊಪೆಲ್ಲರ್.

"ಬರೀ ಮೂವತ್ತಾ?" ಅಂತ ಬಂದರಿನಲ್ಲಿ ಎಲ್ಲರೂ ಕೇಳಿದರು. ಮಲ್ಪೆಯ ಟ್ರಾಲ್ ಬೋಟುಗಳಲ್ಲಿ (ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವವು) ಲೇಲ್ಯಾಂಡಿನ ದೊಡ್ಡ ಎಂಜಿನ್ ನೋಡಿ ನೋಡಿ ನಮಗೆಲ್ಲ ಎಚ್‌ಪಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನಿಸಿಬಿಟ್ಟಿದೆ. ಆದರೆ ಇಂಥ ಭಾರದ ಬೋಟು ನೀರನ್ನು ಸೀಳಿಕೊಂಡು ಹೋಗುತ್ತದೆ, ನೀರಿನ ಮೇಲೆ ಜಾರುವುದಿಲ್ಲ. ಅದರ ವೇಗಕ್ಕೆ ಒಂದು ಮಿತಿ ಇದೆ. ನೀರಿಗೆ ತಾಗುವ ಉದ್ದ ಅಡಿಯಲ್ಲಿ ಎಷ್ಟೋ, ಅದರ ವರ್ಗಮೂಲಕ್ಕೆ 1.34 ಗುಣಿಸಿದರೆ ಹೆಚ್ಚುಕಡಿಮೆ ಆ ಮಿತಿ ಸಿಗುತ್ತದೆ. ನಮ್ಮದು ನೀರಿನಲ್ಲಿ 30 ಅಡಿ. ಅಂದರೆ 7.3 ನಾಟ್, ಗಂಟೆಗೆ ಹದಿಮೂರುವರೆ ಕಿಲೋಮೀಟರ್. ಅಲ್ಲಿಂದ ಆಚೆಗೆ ಎಷ್ಟು ಎಚ್‌ಪಿ ಸುರಿದರೂ ಹಿಂಭಾಗ ಕೆಳಗೆ ಕೂರುತ್ತದೆ, ಅಲೆ ದೊಡ್ಡದಾಗುತ್ತದೆ, ಡೀಸೆಲ್ ಸುಮ್ನೆ ಸುಡುತ್ತದೆ. ಬೋಟಿನ ವೇಗ ಅಷ್ಟಾಗಿ ಏರುವುದಿಲ್ಲ. ಟನ್ನಿಗೆ ನಾಲ್ಕು ಎಚ್‌ಪಿ ಇದ್ದರೆ ಸಾಕು ಅನ್ನುವುದು ಹಳೆಯ ಲೆಕ್ಕ. ಏಳೆಂಟು ಟನ್ನಿನ ನಮ್ಮ ಬೋಟಿಗೆ ಅದು ಸರಿಯಾಗಿ ಹೊಂದಿದೆ.

ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರು, ಹಾಕಿ ಅಂದವರೂ ಇದ್ದರು. ಹಗುರ ನಾಡದೋಣಿಗೆ ಯಮಹಾ ಎಂಡ್ಯೂರೋ ಒಳ್ಳೆಯ ಮೋಟಾರು, ಅದರಲ್ಲಿ ಎರಡು ಮಾತಿಲ್ಲ. 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಮಳೆಗಾಲದ ನಿಷೇಧವೂ ಇಲ್ಲ. ಆದರೆ ಔಟ್‌ಬೋರ್ಡಿನ ಪ್ರೊಪೆಲ್ಲರ್ ಚಿಕ್ಕದು, ಜೋರಾಗಿ ತಿರುಗುತ್ತದೆ. ಭಾರದ ಬೋಟನ್ನು ದೂಡುವಾಗ ಅರ್ಧ ಶಕ್ತಿ ನೀರು ಕಲಕುವುದಕ್ಕೇ ಹೋಗುತ್ತದೆ. ಅಳಿವೆ ಬಾಯಲ್ಲಿ ಅಲೆ ಬೋಟಿನ ಹಿಂಭಾಗವನ್ನು ಎತ್ತಿದಾಗ ಅದು ಗಾಳಿಯಲ್ಲಿ ಕಿರುಚುತ್ತದೆ. ಬೋಟನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದ ಜಾಗವೇ ಅದು ಅಲ್ವಾ? ನಮ್ಮದು ಗೇರ್‌ಬಾಕ್ಸ್ ದಾಟಿ ಬರುವಾಗ 600 ಆರ್‌ಪಿಎಂ ಮಾತ್ರ. ಆಳದಲ್ಲಿ ನಿಧಾನ ತಿರುಗುವ ದೊಡ್ಡ ರೆಕ್ಕೆ. ಅಳಿವೆಯಲ್ಲಿ ಎದುರು ಅಲೆ ಬಂದಾಗ ಅದರ ಹಿಡಿತ ಕಾಲಡಿಯ ಹಲಗೆಯಲ್ಲೇ ಗೊತ್ತಾಗುತ್ತದೆ. ರಿವರ್ಸ್ ಹಾಕಿದರೆ ಬೋಟು ನಿಲ್ಲುತ್ತದೆ. ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಕರೆಂಟಿನ ಮೋಟಾರನ್ನೂ ವಿಚಾರಿಸಿದ್ದೆ. ಕೇರಳದ ವೈಕಂನಲ್ಲಿ 2017ರಿಂದ ಆದಿತ್ಯ ಅನ್ನುವ 75 ಜನರ ಸೋಲಾರ್ ದೋಣಿ ಓಡುತ್ತಿದೆ. ದಿನವೂ ಒಂದೇ ದಾರಿಯಲ್ಲಿ ಹೋಗಿ ಬರುವವರಿಗೆ ಅದು ಚೆನ್ನ. ಬಲೆ ಬಿಟ್ಟು ಯಾವಾಗ ಬರುತ್ತೇವೆ ಅಂತಲೇ ಗೊತ್ತಿಲ್ಲದ ನಮಗೆ ಈಗಲೇ ಆಗುವುದಿಲ್ಲ.

ಈಗ ಡ್ರೈವ್ ಕಡೆಗೆ ಬರುತ್ತೇನೆ. ದುಡ್ಡು ಕಮ್ಮಿ ಇದ್ದರೆ ಎಂಜಿನ್‌ನಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ. ಎಂಜಿನ್ ಕೂರುವ ತೊಲೆಗಳಿಗೆ ಬೋಗಿ ಮರ ತಂದೆವು. ಅವನ್ನು ಎಂಜಿನ್ನಿಗಿಂತ ತುಂಬ ಉದ್ದ ಇಟ್ಟು, ಹಲವು ಪಕ್ಕೆಲುಬುಗಳ ಮೇಲೆ ಭಾರ ಹರಡುವ ಹಾಗೆ ಬೋಲ್ಟ್ ಮಾಡಿದೆವು. ಗಿಡ್ಡ ತೊಲೆ ಹಾಕಿದರೆ ಅದುರಿ ಅದುರಿ ಅಲ್ಲಿನ ಹಲಗೆ ಸಂದು ಬಿಡುತ್ತದೆ, ನೀರು ಒಸರುತ್ತದೆ.

ಅಲೈನ್‌ಮೆಂಟನ್ನು, ಅಂದರೆ ಎಂಜಿನ್ನನ್ನೂ ಶಾಫ್ಟನ್ನೂ ಒಂದೇ ನೇರಕ್ಕೆ ತರುವ ಕೆಲಸವನ್ನು, ದಡದಲ್ಲೇ ಮುಗಿಸಿ ಬಿಲ್ ಕೊಡುವವರು ಇದ್ದಾರೆ. ಮರದ ಬೋಟಿಗೆ ಅದು ನಡೆಯುವುದಿಲ್ಲ. ನೀರಿಗಿಳಿದ ಮೇಲೆ ಹಲಗೆ ನೀರು ಕುಡಿದು ಉಬ್ಬುತ್ತದೆ, ಬೋಟಿನ ಆಕಾರವೇ ಸ್ವಲ್ಪ ಬದಲಾಗುತ್ತದೆ. ನಮ್ಮ ಮೆಕ್ಯಾನಿಕ್ ಕೆಲವು ದಿನ ಬಿಟ್ಟು ಮತ್ತೆ ಬಂದು, ಗೇರ್‌ಬಾಕ್ಸಿಗೂ ಶಾಫ್ಟಿಗೂ ನಡುವಿನ ಜೋಡಣೆ, ಕಪ್ಲಿಂಗ್, ಬಿಚ್ಚಿದರು. ಎರಡು ಮುಖಗಳ ನಡುವೆ ಫೀಲರ್ ಗೇಜಿನ ತೆಳು ಎಲೆ ತೂರಿಸಿ, ಮೇಲೆ, ಕೆಳಗೆ, ಎಡ, ಬಲ ನೋಡಿದರು. ಮೇಲೂ ಕೆಳಗೂ ಇರುವ ಸಂದಿನ ವ್ಯತ್ಯಾಸ 0.1 ಮಿ.ಮೀ. ಒಳಗೆ ಬರುವವರೆಗೆ ಎಂಜಿನ್ ಕಾಲಡಿ ತಗಡು ಇಡುವುದು, ತೆಗೆಯುವುದು, ಮತ್ತೆ ಅಳೆಯುವುದು. ಅಡ್ಡ ಬಿದ್ದು ಬೆವರುತ್ತ ಸಂಜೆವರೆಗೂ ಅದನ್ನೇ ಮಾಡಿದರು. ಈಗ ಫುಲ್ ಸ್ಪೀಡಿನಲ್ಲೂ ಶಾಫ್ಟ್ ಅದುರುವ ಸದ್ದಿಲ್ಲ. ಗ್ಲ್ಯಾಂಡಿನಿಂದ (ಶಾಫ್ಟ್ ಬೋಟಿನಿಂದ ಹೊರಹೋಗುವಲ್ಲಿ ನೀರು ತಡೆಯುವ ಭಾಗ) ಓಡುವಾಗ ಆಗಾಗ ಒಂದು ಹನಿ ಬೀಳುತ್ತದೆ. ಬೀಳಬೇಕು. ಹನಿ ನಿಲ್ಲಲಿ ಅಂತ ನಟ್ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಸವೆಯುತ್ತದೆ.

ಪ್ರೊಪೆಲ್ಲರ್ ಮಾತ್ರ ಮೊದಲ ಸಲ ಸರಿಯಾಗಲಿಲ್ಲ. ಅಂಗಡಿಯವರು 20 ಇಂಚು ಪಿಚ್ (ಒಂದು ಸುತ್ತಿಗೆ ರೆಕ್ಕೆ ಮುಂದೆ ಹೋಗಬೇಕಾದ ದೂರ) ಕೊಟ್ಟಿದ್ದರು. ಫುಲ್ ಕೊಟ್ಟರೂ ಎಂಜಿನ್ 1600 ದಾಟಲಿಲ್ಲ, ಕಪ್ಪು ಹೊಗೆ. ಬೇರೆ ಕಡೆ ಕೊಟ್ಟು 18ಕ್ಕೆ ಇಳಿಸಿದ ಮೇಲೆ 1800 ಮುಟ್ಟಿತು, ಹೊಗೆಯೂ ಹೋಯಿತು. ಯಾರೇ ಫಿಟ್ ಮಾಡಲಿ, ಫುಲ್ ಥ್ರಾಟಲ್‌ನಲ್ಲಿ ಪೂರ್ತಿ ಆರ್‌ಪಿಎಂ ಬರುತ್ತದಾ ಅಂತ ನೋಡದೆ ಕೊನೆಯ ಕಂತು ಕೊಡಬೇಡಿ. ರೆಕ್ಕೆ ತುದಿಗೂ ಬೋಟಿನ ತಳಕ್ಕೂ ನಾಲ್ಕು ಇಂಚಾದರೂ ಬಿಡಿ.

ಎಂಜಿನ್ ತಂಪು ಮಾಡುವ ನೀರು ಸುತ್ತಿ ಬರಲು ಕೀಲ್ (ಬೋಟಿನ ತಳದ ನಡು ತೊಲೆ) ಪಕ್ಕದಲ್ಲಿ ಪೈಪ್ ಕೊಟ್ಟಿದ್ದೇವೆ, ಹೊಳೆಯ ನೀರನ್ನು ಒಳಗೆ ಎಳೆಯುವುದಿಲ್ಲ. ನಮ್ಮ ಅಳಿವೆಯ ಮರಳು, ಕೆಸರು ಪಂಪನ್ನು ತಿಂದುಹಾಕುತ್ತದೆ. ಪೈಪಿನ ಹಿಂದಿನ ಹಲಗೆಗೆ ಬಣ್ಣ ತಲುಪುವುದು ಕಷ್ಟ, ಮರ ಕೊರೆಯುವ ಹುಳ ಅಲ್ಲೇ ಸೇರುತ್ತದೆ. ಆದ್ದರಿಂದ ಪೈಪನ್ನು ಬಿಚ್ಚಲು ಬರುವ ಹಾಗೆ ಕೂರಿಸಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ತುಕ್ಕು ಬಾರದಿರಲಿ ಅಂತ ಸತುವಿನ ತುಂಡುಗಳನ್ನು ಸಿಕ್ಕ ಸಿಕ್ಕಲ್ಲಿ ಜಾಸ್ತಿ ಹಾಕಿ, ಎಲ್ಲ ಲೋಹಕ್ಕೂ ತಂತಿ ಜೋಡಿಸುತ್ತಾರೆ. ಲೋಹ ಉಳಿಯುತ್ತದೆ, ಮರ ಹೋಗುತ್ತದೆ. ಬೋಲ್ಟಿನ ಸುತ್ತ ಕ್ಷಾರ ಹುಟ್ಟಿ ಬಿಳಿ ಪುಡಿ ಕಟ್ಟುತ್ತದೆ, ಉಗುರು ಹಾಕಿದರೆ ಮರ ನಾರುನಾರಾಗಿ ಎದ್ದು ಬರುತ್ತದೆ. ನಮ್ಮ ಹಳೆ ಶಾಫ್ಟ್ ಟ್ಯೂಬಿನ ಪಕ್ಕದಲ್ಲಿ ಹಾಗೇ ಆಗಿತ್ತು, ಎರಡು ಹಲಗೆ ಬದಲಾಯಿಸಬೇಕಾಯಿತು.

ಈ ಬಗೆಯ ಎಂಜಿನ್‌ಗಳು ಭಾರ, ಸದ್ದೂ ಇದೆ. ಕ್ಯಾಬಿನ್ನಿನಲ್ಲಿ ಮಾತಾಡಬೇಕಾದರೆ ಜೋರಾಗಿಯೇ ಮಾತಾಡಬೇಕು. ಆದರೆ ಫಿಲ್ಟರ್, ಗ್ಯಾಸ್ಕೆಟ್, ನಾಜಲ್ ಕುಂದಾಪುರದಲ್ಲೇ ಸಿಗುತ್ತದೆ. ಪಂಪ್‌ಸೆಟ್ ರಿಪೇರಿ ಮಾಡುವವರಿಗೂ ಕೈ ಹಾಕಲು ಧೈರ್ಯ ಬರುತ್ತದೆ. ಟ್ರಾಲ್ ಬಲೆ ಎಳೆಯುವವರು ಮಾತ್ರ ನನ್ನ ಲೆಕ್ಕ ಹಿಡಿಯಬೇಡಿ. ಬಲೆಯ ಭಾರಕ್ಕೆ ಎಚ್‌ಪಿ ಬೇರೆಯೇ ಬೇಕು, ಅವರಿಗೆ ಲೇಲ್ಯಾಂಡ್ ಗಾತ್ರದ್ದೇ ಸರಿ.