ಪುಣೆಯಲ್ಲಿ ಮಾಜಿ ಸೈನಿಕರ ಉದ್ಯೋಗ ಸೇವೆ: ನೋಂದಣಿ ಗಟ್ಟಿ, ನೌಕರಿ ನಿಧಾನ

ಸೈನ್ಯದಿಂದ ನಿವೃತ್ತರಾಗಿ ಪುಣೆಯಲ್ಲೇ ಉಳಿಯುವ ಕನ್ನಡಿಗರು ಬಹಳ ಮಂದಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವರು ಖಡಕಿ, ದಿಘಿ, ವಾನವಡಿ, ಲೋಹಗಾಂವ್ ಸುತ್ತ ಮನೆ ಮಾಡಿ, ಮಕ್ಕಳ ಶಾಲೆ ಮುಗಿಯಲಿ ಎಂದು ಇಲ್ಲೇ ಎರಡನೇ ನೌಕರಿ ಹುಡುಕುತ್ತಾರೆ. ಕೆಲಸ ಸಿಗುವ ತನಕ ಸರ್ಕಾರ ನಿರುದ್ಯೋಗ ಭತ್ಯೆ ಕೊಡುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಸೈನಿಕರಿಗೆಂದೇ ಅಂಥ ಭತ್ಯೆ ನಮ್ಮ ದೇಶದಲ್ಲಿಲ್ಲ. ಅಮೆರಿಕದಲ್ಲಿ ಡಿಡಿ-214 ಎಂಬ ಬಿಡುಗಡೆ ಪತ್ರ ತೋರಿಸಿ ರಾಜ್ಯದ ಕಚೇರಿಯಲ್ಲಿ ಅರ್ಜಿ ಹಾಕಿದರೆ ಕೆಲವು ವಾರ ಹಣ ಬರುತ್ತದೆ. ಇಲ್ಲಿ ಅದರ ಬದಲು ತರಬೇತಿ, ನೋಂದಣಿ, ಮೀಸಲಾತಿ ಮತ್ತು 15 ವರ್ಷ ಪೂರೈಸಿದ ಜವಾನನಿಗೆ ಪಿಂಚಣಿ ಇವೆ. ಇವು ಎಷ್ಟು ಕೆಲಸಕ್ಕೆ ಬರುತ್ತವೆ, ಎಲ್ಲಿ ಕೈ ಕೊಡುತ್ತವೆ ಎಂಬುದನ್ನು ಜವಾನರಿಂದ ಸುಬೇದಾರ್‌ವರೆಗಿನವರನ್ನು ಗಮನದಲ್ಲಿಟ್ಟು ನೋಡೋಣ.

ಈ ಸೇವೆಗಳಲ್ಲಿ ಅತ್ಯುತ್ತಮವಾದದ್ದು ನಿವೃತ್ತಿಗೆ ಮೊದಲೇ ಸಿಗುವ ಪುನರ್ವಸತಿ ತರಬೇತಿ. ರಕ್ಷಣಾ ಸಚಿವಾಲಯದ ಡಿಜಿಆರ್, ಅಂದರೆ ಪುನರ್ವಸತಿ ಮಹಾನಿರ್ದೇಶನಾಲಯ, ಇದನ್ನು ನಡೆಸುತ್ತದೆ. ಜವಾನರಿಗೂ ಸುಬೇದಾರ್ ದರ್ಜೆಯ ಜೆಸಿಒಗಳಿಗೂ 24 ವಾರಗಳವರೆಗಿನ ಕೋರ್ಸ್ ಪೂರ್ತಿ ಉಚಿತ, ಪಗಾರವೂ ನಿಲ್ಲುವುದಿಲ್ಲ. ಅಧಿಕಾರಿಗಳು ಮಾತ್ರ ಶುಲ್ಕದ ಶೇ 40ರಷ್ಟನ್ನು ಕಟ್ಟಬೇಕು. ಅರ್ಜಿ ಯೂನಿಟ್ ಮೂಲಕ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹೋಗುವುದರಿಂದ ಬಿಡುಗಡೆಯ ದಿನ ಹತ್ತಿರ ಬಂದಾಗ ಕೇಳಿದರೆ ಸೀಟು ಉಳಿದಿರುವುದಿಲ್ಲ. ಕೋರ್ಸ್ ಆರಿಸುವಾಗ ಪುಣೆಯ ಮಾರುಕಟ್ಟೆಯನ್ನು ನೋಡಿ ಆರಿಸಬೇಕು. ಸೈನ್ಯದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದ್ದರೂ ಚಾಕಣದ ಸಾಗಣೆ ಕಂಪನಿ ಕೇಳುವುದು ಆರ್‌ಟಿಒ ಕೊಟ್ಟ ಸಾರಿಗೆ ವಾಹನದ ಲೈಸೆನ್ಸನ್ನೇ. ಅದನ್ನು ಸೇವೆಯಲ್ಲಿರುವಾಗಲೇ ಮಾಡಿಸಿಕೊಂಡವರು ಮುಂದಿರುತ್ತಾರೆ.

ಎರಡನೆಯದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೋಂದಣಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಇಷ್ಟಿದ್ದರೆ ಸಾಕಾಗಬೇಕು. ಕನ್ನಡಿಗರಿಗೆ ಇಲ್ಲಿ ಎರಡು ಕಡೆ ತೊಡಕಾಗುತ್ತದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಊರು ಬೆಳಗಾವಿ ಎಂದಿದ್ದು ಅಲ್ಲಿನ ಕಚೇರಿಯಲ್ಲಿ ಈಗಾಗಲೇ ಹೆಸರಿದ್ದರೆ, ಅಲ್ಲಿಂದ ಎನ್‌ಒಸಿ ತಂದು ಪುಣೆಗೆ ವರ್ಗ ಮಾಡಿಸಿಕೊಳ್ಳಬೇಕು. ಎರಡೂ ಜಿಲ್ಲೆಗಳಲ್ಲಿ ಹೆಸರಿಟ್ಟುಕೊಂಡರೆ ಮುಂದೆ ಯಾವುದಾದರೊಂದು ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, ಹೆಸರಿನ ಗೊಂದಲ. ಸೇನೆಯ ದಾಖಲೆಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಪೂರ್ತಿ. ಈ ವ್ಯತ್ಯಾಸ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲೂ ಕಾಡುತ್ತದೆ, ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೂ ಕಾಡುತ್ತದೆ. ಸೇವೆಯಲ್ಲಿರುವಾಗ ಯೂನಿಟ್‌ನಿಂದ ಒಂದು ಪಾರ್ಟ್-2 ಆರ್ಡರ್ (ವೈಯಕ್ತಿಕ ವಿವರದ ಬದಲಾವಣೆ ದಾಖಲಿಸುವ ಆದೇಶ) ಹೊರಡಿಸಿದರೆ ಸರಿಹೋಗುವ ಕೆಲಸ, ಹೊರಬಂದ ಮೇಲೆ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿನ ಜತೆ ಪತ್ರ ವ್ಯವಹಾರ ನಡೆಸುವಷ್ಟು ದೊಡ್ಡದಾಗುತ್ತದೆ.

ನೋಂದಣಿಯಿಂದಲೇ ನೌಕರಿ ಬರುತ್ತದೆ ಎಂದು ಕಾಯಬೇಡಿ. ಗುರುತಿನ ಚೀಟಿ ಮತ್ತು ಸವಲತ್ತುಗಳ ಅರ್ಜಿ ವಿಷಯದಲ್ಲಿ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ನೌಕರಿ ಕೊಡಿಸುವ ವಿಷಯದಲ್ಲಿ ಎರಡರ ಮೇಲೆ ಕೊಡಲಾಗದು. ಖಾಲಿ ಹುದ್ದೆ ಹುಟ್ಟಿಸುವ ಅಧಿಕಾರ ಕಚೇರಿಗಿಲ್ಲ. ಬೇಡಿಕೆ ಬಂದಾಗ ಹೆಸರು ಕಳಿಸುವುದಷ್ಟೇ ಅದರ ಕೈಯಲ್ಲಿದೆ.

ಮೀಸಲಾತಿಯ ಲೆಕ್ಕ ತಿಳಿದವರಿಗೆ ಲಾಭವಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಕೇಂದ್ರದ ಸಾರ್ವಜನಿಕ ಉದ್ಯಮ ಮತ್ತು ಸರ್ಕಾರಿ ಬ್ಯಾಂಕುಗಳ ಗ್ರೂಪ್ ಸಿಯಲ್ಲಿ ಶೇ 14.5, ಮಹಾರಾಷ್ಟ್ರದ ಗ್ರೂಪ್ ಸಿ ಮತ್ತು ಡಿ ಹುದ್ದೆಗಳಲ್ಲಿ ಶೇ 15. ರಾಜ್ಯದ ಹುದ್ದೆಗೆ ಮರಾಠಿ ಬೇಕು, ಅಧಿವಾಸ ಪ್ರಮಾಣಪತ್ರದ ಷರತ್ತನ್ನೂ ಜಾಹೀರಾತಿನಲ್ಲಿ ಓದಿಕೊಳ್ಳಬೇಕು. ಆ ಪತ್ರಕ್ಕೆ ಸಾಮಾನ್ಯವಾಗಿ ರಾಜ್ಯದಲ್ಲಿ 15 ವರ್ಷದ ವಾಸ ತೋರಿಸಬೇಕಾಗುತ್ತದೆ. ಹಾಗಾಗಿ ಪುಣೆಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಕೇಂದ್ರದ ಹುದ್ದೆ ಮತ್ತು ಬ್ಯಾಂಕುಗಳೇ ನೇರ ದಾರಿ. ವಯಸ್ಸು ಮೀರಿತೆಂದು ಸುಮ್ಮನಾಗಬೇಡಿ. 38 ವರ್ಷದವನು 17 ವರ್ಷ ಸೇವೆ ಮಾಡಿದ್ದರೆ ಅವನ ವಯಸ್ಸನ್ನು 21 ಎಂದು ಹಿಡಿಯುತ್ತಾರೆ. ಹುದ್ದೆಯ ಮಿತಿ 27 ಆಗಿದ್ದರೆ ಅದಕ್ಕೂ ಮೂರು ವರ್ಷದ ಸಡಿಲಿಕೆಯಿದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದವರು ಪದವಿ ಕೇಳುವ, ತಾಂತ್ರಿಕವಲ್ಲದ ಗ್ರೂಪ್ ಸಿ ಹುದ್ದೆಗೂ ಅರ್ಹರು.

ಹೆಚ್ಚು ಜನ ನಷ್ಟ ಮಾಡಿಕೊಳ್ಳುವುದು ಮೊದಲ ಸರ್ಕಾರಿ ನೌಕರಿಗೆ ಸೇರುವ ದಿನ. ಮೀಸಲಾತಿಯಲ್ಲಿ ಒಮ್ಮೆ ಕಾಯಂ ಹುದ್ದೆ ಹಿಡಿದರೆ ಮುಂದಿನ ಹುದ್ದೆಗೆ ಆ ಮೀಸಲಾತಿ ಸಿಗುವುದಿಲ್ಲ. ಆದರೆ ಸೇರುವ ಮೊದಲೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಯಾವ ದಿನ ಯಾವ ಹುದ್ದೆಗೆ ಹಾಕಿದ್ದೇನೆ ಎಂಬ ಸ್ವಯಂ ಘೋಷಣೆಯನ್ನು ಸೇರಿದ ಕೂಡಲೇ ಹೊಸ ಕಚೇರಿಗೆ ಕೊಡಬೇಕು. ಕೊಟ್ಟವರಿಗೆ ಆ ಅರ್ಜಿಗಳ ಮೇಲಿನ ಹಕ್ಕು ಉಳಿಯುತ್ತದೆ. ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ (ಡಿಒಪಿಟಿ) 2014ರ ಆಗಸ್ಟ್ 14ರ ಆದೇಶದಲ್ಲಿ ಇದು ಸ್ಪಷ್ಟವಾಗಿದೆ. ಘೋಷಣೆಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ಖಾಸಗಿ ಕೆಲಸವಾಗಲಿ, ಯಾವಾಗ ಬೇಕಾದರೂ ತೆಗೆದುಹಾಕಬಹುದಾದ ಗುತ್ತಿಗೆ ಕೆಲಸವಾಗಲಿ ಈ ಹಕ್ಕನ್ನು ಕಸಿಯುವುದಿಲ್ಲ. ಗಾರ್ಡ್ ಕೆಲಸ ಮಾಡುತ್ತಲೇ ಬ್ಯಾಂಕಿನ ಪರೀಕ್ಷೆ ಬರೆಯಲು ಅಡ್ಡಿಯಿಲ್ಲ.

ಪುಣೆಯಲ್ಲಿ ಬೇಗ ಸಿಗುವುದೂ ಗಾರ್ಡ್ ಕೆಲಸವೇ. ಡಿಜಿಆರ್ ಪಟ್ಟಿಯಲ್ಲಿರುವ ಏಜೆನ್ಸಿಗಳು ಸರ್ಕಾರಿ ಉದ್ಯಮಗಳಿಗೆ ಗಾರ್ಡ್‌ಗಳನ್ನು ಒದಗಿಸುತ್ತವೆ. ಅವರಲ್ಲಿ ಶೇ 90ರಷ್ಟು ಮಾಜಿ ಸೈನಿಕರೇ ಇರಬೇಕು. ಮಹಾರಾಷ್ಟ್ರ ಸರ್ಕಾರದ್ದೇ ಆದ ಮೆಸ್ಕೊ ನಿಗಮವೂ ಇದೇ ಕೆಲಸ ಮಾಡುತ್ತದೆ. ಇವೆರಡೂ ಸಿಗದವರು ಹಿಂಜವಡಿ, ಖರಾಡಿಯ ಐಟಿ ಪಾರ್ಕ್‌ಗಳಿಗೆ, ಹೌಸಿಂಗ್ ಸೊಸೈಟಿಗಳಿಗೆ ಜನ ಕಳಿಸುವ ಖಾಸಗಿ ಏಜೆನ್ಸಿಗಳಿಗೆ ಹೋಗುತ್ತಾರೆ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಇರಲೇಬೇಕು. ಹೊಸಬರಿಗೆ 160 ಗಂಟೆ ತರಬೇತಿ ಇದ್ದರೆ, ಮಾಜಿ ಸೈನಿಕರಿಗೆ ಕೇಂದ್ರದ ಮಾದರಿ ನಿಯಮದಂತೆ 40 ಗಂಟೆ ಪಾಠ, 16 ಗಂಟೆ ಮೈದಾನ ಸಾಕು.

ನಿಜವಾದ ನಿರುದ್ಯೋಗ ಭತ್ಯೆ ಬರುವುದು ಈ ಎರಡನೇ ನೌಕರಿಯಿಂದ, ಸೇನೆಯಿಂದಲ್ಲ. ನೌಕರರ ರಾಜ್ಯ ವಿಮಾ (ಇಎಸ್‌ಐ) ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಕೆಲಸ ಹೋದವರಿಗೆ ದಿನದ ಸರಾಸರಿ ಗಳಿಕೆಯ ಶೇ 50ರಂತೆ, ಜೀವಮಾನದಲ್ಲಿ ಒಮ್ಮೆ, 90 ದಿನಗಳವರೆಗೆ ಹಣ ಸಿಗುತ್ತದೆ. ತಿಂಗಳಿಗೆ ₹18,000 ಪಗಾರವಿದ್ದವರ ಲೆಕ್ಕ ಹೀಗೆ: ಎರಡು ವರ್ಷದ ಗಳಿಕೆ ₹4,32,000. ಅದನ್ನು 730ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ₹592, ಅರ್ಧ ₹296, 90 ದಿನಕ್ಕೆ ಸುಮಾರು ₹26,600. ಕೆಲಸ ಹೋಗುವ ಮೊದಲಿನ ಎರಡು ವರ್ಷ ವಿಮೆಯಲ್ಲಿರಬೇಕು. ಕೊನೆಯ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಜಮೆಯಾಗಿರಬೇಕು. ಕೆಲಸ ಬಿಟ್ಟು 30 ದಿನವಾದ ಮೇಲೆ ಅರ್ಜಿ. ಸ್ವಯಂ ನಿವೃತ್ತಿ ಪಡೆದವರಿಗೂ ದುರ್ನಡತೆಗಾಗಿ ತೆಗೆಯಲ್ಪಟ್ಟವರಿಗೂ ಇದು ಸಿಗುವುದಿಲ್ಲ. ಯೋಜನೆಯನ್ನು ಕಂತು ಕಂತಾಗಿ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿ ಹಾಕುವ ದಿನ ಅದು ಜಾರಿಯಲ್ಲಿದೆಯೇ ಎಂದು ಶಾಖೆಯಲ್ಲಿ ಕೇಳಿಕೊಳ್ಳಿ.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇರುವಾಗ ಇಎಸ್‌ಐ ಏಕೆ ಎಂದು ಬಹಳಷ್ಟು ಮಾಜಿ ಸೈನಿಕರೇ ಕಡಿತ ಬೇಡವೆನ್ನುತ್ತಾರೆ, ಏಜೆನ್ಸಿಗೂ ಅದೇ ಬೇಕಾಗಿರುತ್ತದೆ. ₹18,000ಕ್ಕೆ ನೌಕರನ ಪಾಲು ಶೇ 0.75, ಅಂದರೆ ₹135. ಅಷ್ಟನ್ನು ಉಳಿಸಲು ಹೋಗಿ ಮೇಲಿನ ₹26,600ರ ಹಕ್ಕು ಕಳೆದುಕೊಳ್ಳುವುದು ದೊಡ್ಡ ನಷ್ಟ. ಮಿತಿಯೊಳಗಿನ ಪಗಾರದವರಿಗೆ ಇಎಸ್‌ಐ ಕಡ್ಡಾಯ, ಬೇಕೆಂದರೆ ಉಂಟು ಬೇಡವೆಂದರೆ ಇಲ್ಲ ಎನ್ನುವಂಥದ್ದಲ್ಲ.

ಆ ಮಿತಿ ₹21,000. ಒಳ್ಳೆಯ ಪಗಾರದ ಗಾರ್ಡ್‌ಗೆ ಈ ವ್ಯವಸ್ಥೆ ತಪ್ಪಿಹೋಗುವುದು ಇಲ್ಲೇ. ಕೇಂದ್ರದ ಕನಿಷ್ಠ ವೇತನದಲ್ಲಿ ಪುಣೆ ‘ಎ’ ವಲಯದ್ದು. 2024ರ ಅಕ್ಟೋಬರ್‌ನ ದರದಂತೆ ಶಸ್ತ್ರವಿಲ್ಲದ ಗಾರ್ಡ್‌ಗೆ ದಿನಕ್ಕೆ ₹954, 26 ದಿನಕ್ಕೆ ₹24,804. ಮಿತಿ ದಾಟಿದ್ದರಿಂದ ಅಂಥವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ, ಭತ್ಯೆಯೂ ಇಲ್ಲ. ಗುತ್ತಿಗೆ ಮುಗಿದ ದಿನ ಅವರ ಕೈಯಲ್ಲಿರುವುದು ಭವಿಷ್ಯ ನಿಧಿ (ಇಪಿಎಫ್) ಮಾತ್ರ. ಕೆಲಸ ಹೋದ ಮೇಲೆ ಅದರ ಶೇ 75 ತೆಗೆಯಬಹುದು. ಸರ್ಕಾರ ಇಎಸ್‌ಐನ ಈ ಮಿತಿಯನ್ನು ಏರಿಸುವುದು ನ್ಯಾಯ. ವೇತನ ದರ ವರ್ಷಕ್ಕೆ ಎರಡು ಬಾರಿ ಏರುತ್ತಿರುವಾಗ ಮಿತಿ 2017ರಿಂದ ಅಲ್ಲೇ ನಿಂತಿದೆ.

ಎರಡನೇ ನೌಕರಿಯಲ್ಲಿ ಇಎಸ್‌ಐ, ಇಪಿಎಫ್ ನೋಡಿಕೊಳ್ಳಬೇಕೆಂಬ ಮಾತು ಅಗ್ನಿವೀರರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಸೇವಾ ನಿಧಿಯ ಸುಮಾರು ₹11.71 ಲಕ್ಷ ಸಿಗುತ್ತದೆ. ಪಿಂಚಣಿ, ಇಸಿಎಚ್‌ಎಸ್, ಮಾಜಿ ಸೈನಿಕ ಎಂಬ ಸ್ಥಾನ ಇವ್ಯಾವುವೂ ಇಲ್ಲ. ಹಾಗಾಗಿ ಪುಣೆಯಲ್ಲಿ ಮೊದಲ ಖಾಸಗಿ ಕೆಲಸಕ್ಕೆ ಸಹಿ ಹಾಕುವ ಮೊದಲು ಏಜೆನ್ಸಿಯ ಲೈಸೆನ್ಸ್ ಸಂಖ್ಯೆ ಕೇಳಿ. ಮೊದಲ ಪಗಾರ ಚೀಟಿಯಲ್ಲಿ ಯುಎಎನ್ (ಇಪಿಎಫ್ ಸದಸ್ಯನ ಸಂಖ್ಯೆ) ಮತ್ತು ಇಎಸ್‌ಐ ಸಂಖ್ಯೆ ಇವೆಯೇ ನೋಡಿ. ಕಡಿತವಾದ ಹಣ ನಿಜಕ್ಕೂ ಜಮೆಯಾಗುತ್ತಿದೆಯೇ ಎಂದು ಎರಡೂ ಪೋರ್ಟಲ್‌ಗಳಲ್ಲಿ ಪ್ರತಿ ತಿಂಗಳೂ ಪರೀಕ್ಷಿಸಿ. ಜಮೆಯಾಗದಿದ್ದರೆ ಕೆಲಸದಲ್ಲಿರುವಾಗಲೇ ಬರಹದಲ್ಲಿ ದೂರು ಕೊಡಿ; ಕೆಲಸ ಹೋದ ಮೇಲೆ 78 ದಿನಗಳ ವಂತಿಗೆಯನ್ನು ಸಾಬೀತು ಮಾಡುವುದು ಬಹಳ ಕಷ್ಟ.